ಡ್ರಗ್ಸ್ ಪತ್ತೆ ನಾಯಿಗಳನ್ನು ಎಷ್ಟು ನಂಬಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾಯಿ ಮೂಸಿ ಕೂತಿತು ಅಂದರೆ ಬ್ಯಾಗಿನಲ್ಲಿ ಮಾಲು ಇದ್ದೇ ಇರುತ್ತದೆ ಎಂದು ನಂಬುವವರು ಬಹಳ ಜನ. ಇದೆಲ್ಲ ಬರೀ ತೋರಿಕೆ, ಜನರನ್ನು ಹೆದರಿಸೋಕೆ ಅಷ್ಟೇ ಎನ್ನುವವರೂ ಕಡಿಮೆ ಏನಿಲ್ಲ. ಎರಡೂ ಕಡೆಯಿಂದ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಾಯಿಯ ಮೂಗಿನ ಬಗ್ಗೆ ನನಗೆ ಅನುಮಾನ ಇಲ್ಲ. ಆ ಮೂಗನ್ನು ಎಲ್ಲಿ ಬಳಸುತ್ತಾರೆ, ಬೆಲ್ಟು ಹಿಡಿದವರು ಹೇಗೆ ನಡೆದುಕೊಳ್ಳುತ್ತಾರೆ, ತಪ್ಪಾದ ಸಲಗಳನ್ನು ಯಾರಾದರೂ ಬರೆದಿಡುತ್ತಾರಾ ಎನ್ನುವುದರ ಬಗ್ಗೆ ಇದೆ.

ನಾಯಿ ನಿಜವಾಗಿ ಯಾವ ವಾಸನೆ ಹಿಡಿಯುತ್ತದೆ?

ಡ್ರಗ್ಸ್‌ನದೇ ವಾಸನೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಡ್ರಗ್ಸ್‌ನಿಂದ ಹೊರಡುವ ಬೇರೆ ಆವಿಯ ವಾಸನೆ. ಕೊಕೇನ್ ಪುಡಿ ಸುಲಭವಾಗಿ ಆವಿಯಾಗುವುದಿಲ್ಲ. ಆದರೆ ಗಾಳಿಯ ತೇವ ತಗುಲಿದರೆ ಸ್ವಲ್ಪ ಸ್ವಲ್ಪವೇ ಒಡೆದು ಮೀಥೈಲ್ ಬೆಂಜೊಯೇಟ್ ಎನ್ನುವ ವಸ್ತು ಹುಟ್ಟುತ್ತದೆ. ಅದು ಗಾಳಿಗೆ ಬೇಗ ಸೇರುತ್ತದೆ. ಸ್ನಾಪ್‌ಡ್ರಾಗನ್ ಹೂವಿನ ಪರಿಮಳದಲ್ಲೂ ಇದೇ ಇದೆ. ಹೆರಾಯಿನ್ ಒಡೆದಾಗ ಬರುವುದು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ ವಾಸನೆ. ಎಂಡಿಎಂಎ (ಎಕ್ಸ್ಟಸಿ ಎನ್ನುವ ಡ್ರಗ್ಸ್) ಮಾತ್ರೆಗಳಿಂದ ಪೈಪರೊನಾಲ್ ಹೊರಡುತ್ತದೆ, ಅದನ್ನು ಸೆಂಟುಗಳಲ್ಲೂ ಬಳಸುತ್ತಾರೆ. ಗಾಂಜಾದಲ್ಲಿ ಟರ್ಪೀನ್ ಎನ್ನುವ ಗುಂಪಿನ ವಸ್ತುಗಳು ಜಾಸ್ತಿ. ಅದರ ವಾಸನೆ ಹಿಡಿಯೋಕೆ ನಾಯಿಯೇ ಬೇಕಾಗಿಲ್ಲ.

ಹಾಗಂತ ಹೂಗುಚ್ಛ ಹಿಡಿದವರ ಮುಂದೆಲ್ಲ ನಾಯಿ ಕೂರುವುದಿಲ್ಲ. ಒಂದೇ ಆವಿಯನ್ನು ಗುರುತಿಸುತ್ತದಾ, ಇಡೀ ಮಿಶ್ರಣವನ್ನು ಗುರುತಿಸುತ್ತದಾ ಎಂದು ಸಂಶೋಧಕರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ನಮಗೆ ಇದರಲ್ಲಿ ಬೇಕಾದ್ದು ಇಷ್ಟು: "ನಾನು ಕಲಿತ ವಾಸನೆ ಇಲ್ಲಿದೆ" ಎಂದು ನಾಯಿ ಹೇಳುತ್ತದೆ. "ಇಲ್ಲಿ ಡ್ರಗ್ಸ್ ಇದೆ" ಎನ್ನುವುದು ಮನುಷ್ಯರು ಅದಕ್ಕೆ ಸೇರಿಸಿಕೊಂಡ ಮಾತು. ಮುಂದಿನ ಅರ್ಧಕ್ಕರ್ಧ ಪ್ರಶ್ನೆಗಳು ಈ ಎರಡರ ನಡುವಿನ ವ್ಯತ್ಯಾಸದಿಂದಲೇ ಬರುತ್ತವೆ.

ಮೂಗು ಅಷ್ಟೊಂದು ಚುರುಕಾ?

ಹೌದು. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50ರಿಂದ 60 ಲಕ್ಷ ಎನ್ನುತ್ತಾರೆ. ನಾಯಿಗೆ 20 ಕೋಟಿಗಿಂತ ಜಾಸ್ತಿ, ತಳಿ ನೋಡಿ 30 ಕೋಟಿಯವರೆಗೂ ಹೋಗುತ್ತದೆ. ಬರೀ ಸಂಖ್ಯೆ ಅಷ್ಟೇ ಅಲ್ಲ, ಮೂಗಿನ ವಿನ್ಯಾಸವೂ ಬೇರೆ. ನಾಯಿ ಜೋರಾಗಿ ಮೂಸುವಾಗ ಸೆಕೆಂಡಿಗೆ ಐದು ಸಲದಷ್ಟು ಗಾಳಿ ಎಳೆಯುತ್ತದೆ. ಹೊರಗೆ ಬಿಡುವ ಗಾಳಿ ಮೂಗಿನ ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಮುಂದಿರುವ ವಾಸನೆ ಚದುರುವುದಿಲ್ಲ, ಮುಂದಿನ ಎಳೆತಕ್ಕೆ ಹೊಸ ಗಾಳಿ ಒಳಗೆ ಬರುತ್ತದೆ.

ಒಂದು ತೊಂದರೆ ಇದೆ. ಬಿಸಿಲಿನಲ್ಲಿ ಓಡಾಡಿ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಬಾಯಿಯಿಂದ ಉಸಿರಾಡಿ ಮೈ ತಣ್ಣಗೆ ಮಾಡಿಕೊಳ್ಳುವುದು, ಮೂಗಿನಿಂದ ಹುಡುಕುವುದು, ಎರಡೂ ಒಟ್ಟಿಗೆ ಆಗುವ ಕೆಲಸವಲ್ಲ. ಅದಕ್ಕೇ ಒಳ್ಳೆಯ ದಳಗಳು ಸ್ವಲ್ಪ ಹೊತ್ತು ಕೆಲಸ ಮಾಡಿಸಿ, ನೀರು ಕೊಟ್ಟು, ನೆರಳಿನಲ್ಲಿ ಬಿಟ್ಟು ಮತ್ತೆ ಕರೆತರುತ್ತವೆ. ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ನಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದರೆ ಅದು ಹೆದರಿಸೋಕೆ ನಿಲ್ಲಿಸಿದ್ದು ಅಂತಲೇ ತಿಳಿಯಬಹುದು.

ನಾಯಿಗೆ ಡ್ರಗ್ಸ್ ಚಟ ಹಿಡಿಸಿ ಕಲಿಸುತ್ತಾರಂತೆ, ನಿಜವಾ?

ಸುಳ್ಳು. ನಾಯಿ ಡ್ರಗ್ಸ್ ತಿನ್ನುವುದೂ ಇಲ್ಲ, ಸೇದುವುದೂ ಇಲ್ಲ. ಅದಕ್ಕೆ ಬೇಕಾಗಿರುವುದು ಚೆಂಡು.

ಹಾಗಾದರೆ ತರಬೇತಿ ಹೇಗೆ?

ಆಟದ ಹುಚ್ಚು ಇರುವ ನಾಯಿಯನ್ನೇ ಆರಿಸುತ್ತಾರೆ. ಎಸೆದ ಚೆಂಡು ಎತ್ತರದ ಹುಲ್ಲಿನಲ್ಲಿ ಬಿದ್ದರೆ ಎರಡು ನಿಮಿಷ ಹುಡುಕಿ ಕೈಬಿಡುವ ನಾಯಿ ಬೇಡ, ಸಿಗುವ ತನಕ ಬಿಡದ ನಾಯಿ ಬೇಕು. ಲ್ಯಾಬ್ರಡಾರ್, ಸ್ಪ್ಯಾನಿಯಲ್, ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನ್ವಾ ಈ ಕೆಲಸದಲ್ಲಿ ಹೆಚ್ಚು ಕಾಣುತ್ತವೆ. ಸುರುಳಿ ಸುತ್ತಿದ ಟವೆಲ್ಲಿಗೋ ಚೆಂಡಿಗೋ ಬೇಕಾದ ವಾಸನೆ ಜೋಡಿಸಿ ಆಡಿಸುತ್ತಾರೆ. ಆಮೇಲೆ ವಾಸನೆಯನ್ನು ಮಾತ್ರ ಬಚ್ಚಿಡುತ್ತಾರೆ. ನಾಯಿ ಅದರ ಹತ್ತಿರ ಹೋಗಿ ಕೂತ ಕ್ಷಣ ಚೆಂಡು ಹಾರಿ ಬರುತ್ತದೆ. ಗಾಂಜಾ ವಾಸನೆ ಅಂದರೆ ಚೆಂಡು, ಹೆರಾಯಿನ್ ವಾಸನೆ ಅಂದರೂ ಚೆಂಡು. ಅಷ್ಟು ಸರಳ.

ಕಷ್ಟದ ಭಾಗ ಶುರುವಾಗುವುದು ಇಲ್ಲಿಂದ. ನಾವು ಕಲಿಸಿದ್ದೇನು, ನಾಯಿ ಕಲಿತದ್ದೇನು ಎನ್ನುವುದು ಬೇರೆ ಬೇರೆ ಆಗಿಬಿಡಬಹುದು. ಮಾದರಿಯನ್ನು ಯಾವಾಗಲೂ ಒಂದೇ ಬಗೆಯ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ನಾಯಿ ಆ ಕವರನ್ನೇ ಹುಡುಕೋಕೆ ಕಲಿಯಬಹುದು. ಒಬ್ಬನೇ ಬಚ್ಚಿಡುತ್ತಿದ್ದರೆ ಅವನ ಕೈಗವಸಿನ ವಾಸನೆ, ಅವನು ನಡೆದ ಜಾಡು ಸಾಕು. ನಾಯಿಗೆ ಬೇಕಾಗಿರುವುದು ಚೆಂಡು, ಹತ್ತಿರದ ದಾರಿ ಯಾವುದೋ ಅದನ್ನು ಹಿಡಿಯುತ್ತದೆ. ಆದ್ದರಿಂದ ಖಾಲಿ ಕವರು, ಹೊಸ ಕೈಗವಸು, ಟೇಪು, ತಿಂಡಿ ಎಲ್ಲ ಇಟ್ಟು, ಅದಕ್ಕೆಲ್ಲ ಕೂತರೆ ಚೆಂಡು ಇಲ್ಲ ಎಂದು ಕಲಿಸಬೇಕು. ಏನೂ ಬಚ್ಚಿಡದ ಕೋಣೆಗಳಲ್ಲೂ ಹುಡುಕಿಸಬೇಕು. ಇದನ್ನು ಬಹಳ ದಳಗಳು ಸಾಕಷ್ಟು ಮಾಡುವುದಿಲ್ಲ ಎನ್ನುವುದು ನನ್ನ ದೂರು. ಖಾಲಿ ಕೋಣೆಯಲ್ಲಿ ಹುಡುಕಿಸುವುದು ಬೇಜಾರಿನ ಕೆಲಸ, ನೋಡೋಕೂ ಚೆನ್ನಾಗಿರುವುದಿಲ್ಲ, ಅಲ್ವಾ?

"ಸಿಕ್ಕಿತು" ಎಂದು ನಾಯಿ ಹೇಗೆ ತೋರಿಸುತ್ತದೆ?

ಜನರ ನಡುವೆ ಕೆಲಸ ಮಾಡುವ ನಾಯಿ ಸುಮ್ನೆ ಕೂರುತ್ತದೆ ಅಥವಾ ಅಲ್ಲಾಡದೆ ನಿಂತು ದಿಟ್ಟಿಸುತ್ತದೆ. ವಾಹನ, ಗೋದಾಮುಗಳಲ್ಲಿ ಕೆಲವು ನಾಯಿಗಳು ಕೆರೆದು ಬೊಗಳುವುದೂ ಉಂಟು.

ಕೂರುವ ಮೊದಲಿನ ಒಂದೆರಡು ಸೆಕೆಂಡುಗಳನ್ನು ನೋಡಬೇಕು. ಸಾಲಾಗಿ ಇಟ್ಟ ಸೂಟ್‌ಕೇಸುಗಳ ಪಕ್ಕ ನಾಯಿ ಒಂದೇ ವೇಗದಲ್ಲಿ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ತಲೆ ಹಿಂದಕ್ಕೆ ತಿರುಗುತ್ತದೆ, ಮೈ ಇನ್ನೂ ಮುಂದಕ್ಕೇ ಹೋಗುತ್ತಿರುತ್ತದೆ. ಬಾಲದ ಲಯ ಬದಲಾಗುತ್ತದೆ. ಉಸಿರು ಚಿಕ್ಕದಾಗಿ, ಬೇಗ ಬೇಗ ಆಗುತ್ತದೆ. ಝಿಪ್ಪಿನ ಮೇಲೆ ಮೂಗು ಆಡಿಸಿ, ಮೂಲೆಗೆ ಬಂದು, ಅಲ್ಲೇ ನಿಂತು, ಆಮೇಲೆ ಕೂರುತ್ತದೆ. ಕೂತ ಮೇಲೆ ಕಣ್ಣು ಬ್ಯಾಗಿನ ಮೇಲಿರಬೇಕು. ಹ್ಯಾಂಡ್ಲರ್, ಅಂದರೆ ಬೆಲ್ಟು ಹಿಡಿದು ನಾಯಿಯನ್ನು ನಡೆಸುವವರ ಮುಖ ನೋಡುತ್ತಾ, ಅವರು ನಿಂತರು ಅಂತ ತಾನೂ ಕೂತರೆ ಅದು ಬೇರೆ ಸಂಗತಿ. ಆ ವ್ಯತ್ಯಾಸ ಗೊತ್ತಾಗುವ ಹ್ಯಾಂಡ್ಲರ್ ಸಿಕ್ಕರೆ ಅರ್ಧ ಕೆಲಸ ಆದಂತೆ.

ಎಷ್ಟು ಸಲ ಸರಿಯಾಗಿ ಹೇಳುತ್ತದೆ? ಒಂದು ಅಂಕಿ ಕೊಡಿ.

ಒಂದೇ ಅಂಕಿ ಕೊಡುವವರನ್ನು ನಂಬಬೇಡಿ. ಮೂರು ಕೊಡುತ್ತೇನೆ.

ಪೋಲೆಂಡಿನಲ್ಲಿ ಪೊಲೀಸ್ ನಾಯಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2014ರಲ್ಲಿ ಪ್ರಕಟವಾಯಿತು. 164 ನಾಯಿಗಳು, 1,219 ಹುಡುಕಾಟಗಳು. ಶೇ 87.7 ಸಲ ನಾಯಿ ಸರಿಯಾದ ಜಾಗ ತೋರಿಸಿತು. ಶೇ 5.3 ಸಲ ತಪ್ಪು ಜಾಗ. ಶೇ 7ರಷ್ಟು ಸಲ ಹತ್ತು ನಿಮಿಷದಲ್ಲಿ ಏನೂ ಸಿಗಲಿಲ್ಲ. ಸರಾಸರಿ 64 ಸೆಕೆಂಡಿನಲ್ಲಿ ಮಾಲು ಪತ್ತೆ. ಗಾಂಜಾ ಎಲ್ಲಕ್ಕಿಂತ ಸುಲಭ, ಹೆರಾಯಿನ್ ಎಲ್ಲಕ್ಕಿಂತ ಕಷ್ಟ. ಜರ್ಮನ್ ಶೆಫರ್ಡ್‌ಗಳು ಮುಂದೆ, ಟೆರಿಯರ್‌ಗಳು ಹಿಂದೆ. ಆದರೆ ಕಾರಿನ ಹೊರಗೆ ಹುಡುಕಿಸಿದಾಗ ಸರಿಯಾದದ್ದು ಶೇ 63.5, ಒಳಗೆ ಶೇ 57.9 ಮಾತ್ರ. ಕೋಣೆಯೊಳಗೆ ಹಾಗಿರಲಿಲ್ಲ, ಹೊಸ ಕೋಣೆಯಾದರೂ ಶೇ 80ರ ಮೇಲೇ ಇತ್ತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2001ರಲ್ಲಿ ಪತ್ತೆ ನಾಯಿಗಳಿಗೆಂದೇ ಕಾನೂನು ಮಾಡಿತು. ಅಲ್ಲಿನ ಒಂಬುಡ್ಸ್‌ಮನ್ (ಸರ್ಕಾರಿ ಇಲಾಖೆಗಳ ಮೇಲೆ ಕಣ್ಣಿಡುವ ಸ್ವತಂತ್ರ ಅಧಿಕಾರಿ) ಎರಡು ವರ್ಷದ ಲೆಕ್ಕ ತೆಗೆದು 2006ರಲ್ಲಿ ವರದಿ ಕೊಟ್ಟರು. ನಾಯಿ ಸೂಚನೆ ಕೊಟ್ಟದ್ದು 10,211 ಸಲ. ಹುಡುಕಿದಾಗ ಡ್ರಗ್ಸ್ ಸಿಕ್ಕಿದ್ದು ಶೇ 26ರಷ್ಟು ಸಲ. ಸಿಕ್ಕಿದ್ದರಲ್ಲೂ ಹೆಚ್ಚಿನದು ಸ್ವಂತ ಬಳಕೆಯ ಚೂರುಪಾರು ಗಾಂಜಾ. ಮಾರಾಟದ ಆರೋಪ ಸಾಬೀತಾದದ್ದು 19 ಪ್ರಕರಣಗಳಲ್ಲಿ.

ಮೂರನೆಯದು ಅಮೆರಿಕದ್ದು. ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಆ ನಗರದ ಹೊರವಲಯದ ಪೊಲೀಸ್ ಇಲಾಖೆಗಳ ಮೂರು ವರ್ಷದ ದಾಖಲೆ ತರಿಸಿ 2011ರಲ್ಲಿ ಬರೆಯಿತು. ರಸ್ತೆಯಲ್ಲಿ ನಿಲ್ಲಿಸಿದ ವಾಹನಗಳಿಗೆ ನಾಯಿ ಸೂಚನೆ ಕೊಟ್ಟಾಗ ಡ್ರಗ್ಸ್ ಅಥವಾ ಅದರ ಸಲಕರಣೆ ಸಿಕ್ಕಿದ್ದು ಶೇ 44 ಸಲ.

ಪರೀಕ್ಷೆಯಲ್ಲಿ ಶೇ 87, ಬೀದಿಯಲ್ಲಿ ಶೇ 26. ಯಾವುದು ಸುಳ್ಳು?

ಎರಡೂ ನಿಜ. ಪೋಲೆಂಡಿನ ಮೂರು ಅಂಕಿಗಳನ್ನು ಕೂಡಿಸಿ ನೋಡಿ. 87.7, 5.3, 7. ಸರಿಯಾಗಿ 100. ಅಂದರೆ ಪ್ರತಿ ಹುಡುಕಾಟದಲ್ಲೂ ಎಲ್ಲೋ ಒಂದು ಕಡೆ ಮಾಲು ಇದ್ದೇ ಇತ್ತು. ಬೀದಿಯಲ್ಲಿ ಹಾಗಲ್ಲ. ಅಲ್ಲಿ ಬಹುಪಾಲು ಜನರ ಹತ್ತಿರ ಏನೂ ಇರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ಒಂದು ಬಾಗಿಲಿನಿಂದ 1,000 ಜನ ಬರುತ್ತಾರೆ, ಅವರಲ್ಲಿ 20 ಜನರ ಹತ್ತಿರ ಡ್ರಗ್ಸ್ ಇದೆ. ನಾಯಿ ಬಹಳ ಚೆನ್ನಾಗಿದೆ, 20ರಲ್ಲಿ 18 ಜನರನ್ನು ಹಿಡಿಯುತ್ತದೆ. ಏನೂ ಇಲ್ಲದವರಲ್ಲಿ 100ಕ್ಕೆ 5 ಜನರ ಮುಂದೆ ಮಾತ್ರ ತಪ್ಪಾಗಿ ಕೂರುತ್ತದೆ. ಏನೂ ಇಲ್ಲದವರು 980 ಜನ, ಅವರಲ್ಲಿ 49 ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಒಟ್ಟು ಸೂಚನೆ 67, ಸರಿಯಾದದ್ದು 18. ಶೇ 27! ನಾಯಿ ಹಾಳಾಗಿಲ್ಲ. ಹುಡುಕುವ ವಸ್ತು ಅಪರೂಪ, ಅಷ್ಟೇ.

ಅದೇ ನಾಯಿಯನ್ನು ಬೇರೆ ಕಡೆ ಕರೆದುಕೊಂಡು ಹೋಗಿ. ಮೊದಲೇ ಗಟ್ಟಿ ಮಾಹಿತಿ ಸಿಕ್ಕಿ ಬೇರೆ ಮಾಡಿಟ್ಟ 1,000 ಪಾರ್ಸೆಲ್‌ಗಳು, ಅವುಗಳಲ್ಲಿ ಅರ್ಧದಲ್ಲಿ ಮಾಲು ಇದೆ ಅಂದುಕೊಳ್ಳಿ. ಈಗ ಸರಿಯಾದ ಸೂಚನೆ 450, ತಪ್ಪು 25. ಸುಮಾರು ಶೇ 95 ಸರಿ. ಮೂಗು ಅದೇ, ತರಬೇತಿ ಅದೇ, ಬೆಲ್ಟು ಹಿಡಿದವರೂ ಅವರೇ. "ಈ ನಾಯಿ ಎಷ್ಟು ನಿಖರ?" ಎಂದು ಕೇಳಿ ಸುಮ್ಮನಾಗುವುದರಲ್ಲಿ ಅರ್ಥ ಇಲ್ಲ. ಎಲ್ಲಿ, ಯಾರ ನಡುವೆ ಎನ್ನುವುದನ್ನೂ ಕೇಳಬೇಕು.

ಏನೂ ಸಿಗದಿದ್ದರೆ "ಹಳೇ ವಾಸನೆ ಇತ್ತು" ಎನ್ನುತ್ತಾರೆ. ಇದು ಸಬೂಬಾ?

ಕೆಲವು ಸಲ ನಿಜ, ಕೆಲವು ಸಲ ಸಬೂಬು. ಗಾಂಜಾ ಸೇದಿದವರ ಪಕ್ಕ ಕೂತು ಬಂದರೆ ಬಟ್ಟೆಗೆ ವಾಸನೆ ಹತ್ತುತ್ತದೆ. ನಿನ್ನೆ ತನಕ ಬ್ಯಾಗಿನಲ್ಲಿದ್ದ ವಸ್ತುವಿನ ವಾಸನೆ ಇವತ್ತೂ ಇರಬಹುದು. ನ್ಯೂ ಸೌತ್ ವೇಲ್ಸ್‌ನಲ್ಲಿ ಏನೂ ಸಿಗದ ಹಲವರು, ಈ ಮೊದಲು ತಾವು ಬಳಸಿದ್ದಾಗಿಯೋ ಬಳಸುವವರ ಜೊತೆ ಇದ್ದದ್ದಾಗಿಯೋ ಒಪ್ಪಿಕೊಂಡಿದ್ದರು. ಹಾಗೆ ನೋಡಿದರೆ ನಾಯಿ ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ತಕರಾರು ಇರುವುದು ಈ ವಾದವನ್ನು ಬಳಸುವ ರೀತಿಯಲ್ಲಿ. ಮಾಲು ಸಿಕ್ಕರೆ ನಾಯಿ ಸರಿ, ಸಿಗದಿದ್ದರೆ ಹಳೇ ವಾಸನೆ, ಆಗಲೂ ನಾಯಿ ಸರಿ. ಹೀಗೆ ಯಾವ ಕಾಲಕ್ಕೂ ಸೋಲದ ನಾಯಿಯನ್ನು ಪರೀಕ್ಷೆ ಮಾಡುವುದಾದರೂ ಹೇಗೆ? ಅದೂ ಅಲ್ಲದೆ, ಹಳೇ ವಾಸನೆಗೂ ಕೂರುತ್ತದೆ ಎಂದು ಒಪ್ಪಿಕೊಂಡರೆ, ನಾಯಿ ಕೂತಿದೆ ಎನ್ನುವ ಒಂದೇ ಕಾರಣಕ್ಕೆ "ಈಗ ಇವರ ಹತ್ತಿರ ಡ್ರಗ್ಸ್ ಇದೆ" ಎಂದು ಹೇಳುವ ಹಾಗಿಲ್ಲ. ಎರಡೂ ಬೇಕು ಅಂದರೆ ಆಗುವುದಿಲ್ಲ.

ಹ್ಯಾಂಡ್ಲರ್ ಮನಸ್ಸಿನಲ್ಲಿ ಇರುವುದು ನಾಯಿಗೆ ಗೊತ್ತಾಗುತ್ತದಾ?

ನಾಯಿಗಳು ಮನುಷ್ಯರ ಮೈಮಾತು ಓದುವುದರಲ್ಲಿ ನಿಸ್ಸೀಮರು. ಸಾವಿರಾರು ವರ್ಷಗಳಿಂದ ನಮ್ಮ ಜೊತೆ ಬದುಕಿ ಗಳಿಸಿದ ಗುಣ ಅದು. ಹ್ಯಾಂಡ್ಲರ್ ಒಂದು ಕಾರಿನ ಹತ್ತಿರ ನಡಿಗೆ ನಿಧಾನ ಮಾಡುತ್ತಾರೆ, ಬೆಲ್ಟು ಸ್ವಲ್ಪ ಬಿಗಿಯಾಗುತ್ತದೆ, ಅದೇ ಬಾಗಿಲ ಸುತ್ತ ಎರಡನೇ ಸಲ ಕರೆದೊಯ್ಯುತ್ತಾರೆ. "ಓಹೋ, ಇಲ್ಲಿ ಕೂತರೆ ಚೆಂಡು ಸಿಗುತ್ತದೆ" ಎಂದು ನಾಯಿಗೆ ಅನ್ನಿಸೋಕೆ ಅಷ್ಟು ಸಾಕು. ಹ್ಯಾಂಡ್ಲರ್‌ಗೆ ಮೋಸ ಮಾಡುವ ಉದ್ದೇಶವೇ ಇಲ್ಲದಿರಬಹುದು, ತಾವು ಹಾಗೆ ಮಾಡುತ್ತಿದ್ದೇವೆ ಎನ್ನುವುದೂ ಅವರಿಗೆ ಗೊತ್ತಿರುವುದಿಲ್ಲ.

ಇದನ್ನು ಪರೀಕ್ಷಿಸಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಲೀಸಾ ಲಿಟ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಡ್ರಗ್ಸ್ ಅಥವಾ ಸ್ಫೋಟಕ ಪತ್ತೆಯಲ್ಲಿ ಪ್ರಮಾಣಪತ್ರ ಪಡೆದ 18 ನಾಯಿ-ಹ್ಯಾಂಡ್ಲರ್ ಜೋಡಿಗಳನ್ನು ಒಂದು ಚರ್ಚಿಗೆ ಕರೆದರು. ನಾಲ್ಕು ಕೋಣೆ. ಬಚ್ಚಿಟ್ಟ ವಾಸನೆ ಇರಬಹುದು, ಕೆಲವು ಕಡೆ ಕೆಂಪು ಕಾಗದದ ಗುರುತು ಇರುತ್ತದೆ ಎಂದು ಹ್ಯಾಂಡ್ಲರ್‌ಗಳಿಗೆ ಹೇಳಿದರು. ನಿಜ ಸಂಗತಿ ಏನೆಂದರೆ ಇಡೀ ಕಟ್ಟಡದಲ್ಲಿ ಡ್ರಗ್ಸೂ ಇರಲಿಲ್ಲ, ಸ್ಫೋಟಕವೂ ಇರಲಿಲ್ಲ. ಸರಿಯಾದ ಉತ್ತರ ಸೊನ್ನೆ. ಬಂದದ್ದು 225 ಸೂಚನೆ. 144 ಹುಡುಕಾಟಗಳಲ್ಲಿ ಒಂದೂ ತಪ್ಪಿಲ್ಲದೆ ಮುಗಿದದ್ದು 21. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ನಾಯಿಗಳನ್ನು ಸೆಳೆಯಲು ಕೆಲವು ಕಡೆ ಸಾಸೇಜು, ಟೆನಿಸ್ ಚೆಂಡು ಬಚ್ಚಿಟ್ಟಿದ್ದರು. ಅಲ್ಲಿಗಿಂತ ಹೆಚ್ಚು ಸೂಚನೆ ಬಂದದ್ದು ಕೆಂಪು ಕಾಗದ ಇದ್ದ ಕಡೆ. ಸಾಸೇಜು ನಾಯಿಗೆ ಇಟ್ಟ ಬಲೆ, ಕಾಗದ ಮನುಷ್ಯರಿಗೆ ಇಟ್ಟದ್ದು.

ನ್ಯಾಯವಾಗಿ ಹೇಳಬೇಕೆಂದರೆ, ನಾಯಿ ನಿಜಕ್ಕೂ ಕೂತಿತಾ ಅಥವಾ ಹ್ಯಾಂಡ್ಲರ್‌ಗೆ ಹಾಗೆ ಕಂಡಿತಾ ಎನ್ನುವುದನ್ನು ಆ ಪ್ರಯೋಗ ಬೇರೆ ಮಾಡಿ ತೋರಿಸುವುದಿಲ್ಲ. ಹ್ಯಾಂಡ್ಲರ್‌ಗಳ ಸಂಘಗಳು ಅದನ್ನು ಟೀಕಿಸಿದ್ದೂ ಉಂಟು. ಆದರೆ ಬ್ಯಾಗು ಬಿಚ್ಚಿಸಿಕೊಳ್ಳುವವರಿಗೆ ಎರಡರಲ್ಲಿ ಯಾವುದಾದರೂ ಒಂದೇ.

ಹಾಗಾದರೆ ನಾಯಿಗಳು ಜನರಲ್ಲಿ ಭೇದ ಮಾಡುತ್ತವಾ?

ನಾಯಿಗೆ ಜನಾಂಗ ಗೊತ್ತಿಲ್ಲ. ಯಾರನ್ನು ನಿಲ್ಲಿಸಬೇಕು, ಯಾವ ಕಾರಿನ ಸುತ್ತ ಜಾಸ್ತಿ ಹೊತ್ತು ಸುತ್ತಬೇಕು ಎಂದು ನಿರ್ಧರಿಸುವುದು ಮನುಷ್ಯರು. ಶಿಕಾಗೋ ಟ್ರಿಬ್ಯೂನ್ ಲೆಕ್ಕದಲ್ಲಿ ಒಟ್ಟಾರೆ ಶೇ 44 ಇದ್ದದ್ದು ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಚಾಲಕರ ವಿಷಯದಲ್ಲಿ ಶೇ 27ಕ್ಕೆ ಇಳಿದಿತ್ತು. ಹ್ಯಾಂಡ್ಲರ್‌ನ ಅನುಮಾನ ಬೆಲ್ಟಿನ ಮೂಲಕ ನಾಯಿಗೆ ಹೋಗಿ, ನಾಯಿಯ ಸೂಚನೆಯಾಗಿ ವಾಪಸ್ ಬಂದರೆ ಅದಕ್ಕೆ ವಿಜ್ಞಾನದ ಮುದ್ರೆ ಬಿದ್ದಂತೆ ಕಾಣುತ್ತದೆ. ನನಗೆ ಇದಕ್ಕಿಂತ ದೊಡ್ಡ ಆಕ್ಷೇಪ ಬೇರೆ ಇಲ್ಲ.

ಘಾಟು ವಾಸನೆಯ ವಸ್ತು ಸುತ್ತಿದರೆ ನಾಯಿಗೆ ಗೊತ್ತಾಗುವುದಿಲ್ಲವಂತೆ?

ಸಿನಿಮಾ ಕತೆ. ನಮಗೆ ಒಂದು ವಾಸನೆ ಇನ್ನೊಂದನ್ನು ಮುಚ್ಚುತ್ತದೆ. ನಾಯಿಗೆ ಎರಡೂ ಪಕ್ಕಪಕ್ಕದಲ್ಲೇ ಗೊತ್ತಾಗುತ್ತವೆ.

ನೋಟಿನ ಕಂತೆಗೆ ನಾಯಿ ಕೂತರೆ ಅದು ಡ್ರಗ್ಸ್ ದುಡ್ಡೇ?

ಅಮೆರಿಕದಲ್ಲಿ ಇದು ದೊಡ್ಡ ಜಗಳ, ಏಕೆಂದರೆ ಅಲ್ಲಿ ನಾಯಿಯ ಸೂಚನೆಯನ್ನೂ ಒಂದು ಕಾರಣ ಮಾಡಿಕೊಂಡು ಹಣ ಮುಟ್ಟುಗೋಲು ಹಾಕಿಕೊಳ್ಳುತ್ತಾರೆ. ಚಲಾವಣೆಯಲ್ಲಿರುವ ಡಾಲರ್ ನೋಟುಗಳಲ್ಲಿ ಬಹುಪಾಲಿಗೆ ಕೊಕೇನ್‌ನ ಅಣುಮಾತ್ರ ಪುಡಿ ಅಂಟಿರುತ್ತದೆ ಎಂದು ಹಲವು ಪರೀಕ್ಷೆಗಳು ತೋರಿಸಿವೆ. ಹಣ ಎಣಿಸುವ ಯಂತ್ರವೇ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಹಾಗಿದ್ದರೆ ನಾಯಿಯ ಸೂಚನೆಗೆ ಏನು ಬೆಲೆ ಎಂದು ಒಂದು ಕಡೆಯವರು ಕೇಳುತ್ತಾರೆ. ನಾಯಿ ಹಿಡಿಯುವುದು ಮೀಥೈಲ್ ಬೆಂಜೊಯೇಟ್, ಅದು ಬೇಗ ಹಾರಿಹೋಗುತ್ತದೆ, ಹಳೇ ನೋಟಿನಲ್ಲಿ ಉಳಿಯುವುದಿಲ್ಲ, ಆದ್ದರಿಂದ ಇತ್ತೀಚೆಗೆ ಹತ್ತಿರ ಇದ್ದದ್ದಕ್ಕೆ ಮಾತ್ರ ನಾಯಿ ಕೂರುತ್ತದೆ ಎಂದು ಇನ್ನೊಂದು ಕಡೆಯವರು. ರಸಾಯನಶಾಸ್ತ್ರದ ಮಟ್ಟಿಗೆ ಎರಡನೆಯ ವಾದ ಗಟ್ಟಿ. ಆದರೂ ಆ ಹಣ ಈಗ ಇಟ್ಟುಕೊಂಡವರದೇ ತಪ್ಪು ಎಂದು ಅದರಿಂದ ಸಾಬೀತಾಗುವುದಿಲ್ಲ.

ಹಾಗಾದರೆ ಇವುಗಳಿಂದ ಉಪಯೋಗ ಎಲ್ಲಿ?

ಸರಕಿನಲ್ಲಿ. ಬಂದರು, ಗೋದಾಮು, ಅಂಚೆ ವಿಂಗಡಣೆ ಕೇಂದ್ರ, ಗಡಿ ತಪಾಸಣೆ. ಸಾವಿರ ಪೆಟ್ಟಿಗೆಗಳನ್ನು ಕೈಯಿಂದ ಬಿಚ್ಚಿ ನೋಡಲು ದಿನಗಳೇ ಬೇಕು, ನಾಯಿ ಅವುಗಳ ಪಕ್ಕ ನಡೆದು ಹೋಗುತ್ತದೆ. ತಪ್ಪಾಗಿ ಕೂತರೆ ಒಂದು ಪೆಟ್ಟಿಗೆ ಬಿಚ್ಚಿ ಮುಚ್ಚಿದರಾಯಿತು, ಯಾರ ಮಾನವೂ ಹೋಗುವುದಿಲ್ಲ.

ಕೊಲಂಬಿಯಾದ ಸೊಂಬ್ರಾ ಎಂಬ ಜರ್ಮನ್ ಶೆಫರ್ಡ್ ನಾಯಿ ಇದಕ್ಕೆ ಒಳ್ಳೆಯ ಉದಾಹರಣೆ. ಬಂದರುಗಳಲ್ಲಿ ರಫ್ತು ಸರಕಿನ ನಡುವೆ ಟನ್‌ಗಟ್ಟಲೆ ಕೊಕೇನ್ ಹಿಡಿದುಕೊಟ್ಟಿತು. 2018ರಲ್ಲಿ ಉರಾಬೆನ್ಯೋಸ್ ಎಂಬ ಕಳ್ಳಸಾಗಣೆ ಗುಂಪು ಅದರ ತಲೆಗೆ 20 ಕೋಟಿ ಪೆಸೊ, ಆಗಿನ ಲೆಕ್ಕದಲ್ಲಿ ಸುಮಾರು 70,000 ಡಾಲರ್, ಬಹುಮಾನ ಕಟ್ಟಿತು. ಪೊಲೀಸರು ಅದನ್ನು ಬಂದರಿನಿಂದ ತೆಗೆದು ರಾಜಧಾನಿ ಬೊಗೊಟಾದ ವಿಮಾನ ನಿಲ್ದಾಣಕ್ಕೆ ಹಾಕಿ, ಕಾವಲಿಗೂ ಜನ ಕೊಟ್ಟರು. ನಾಯಿಯಿಂದ ಏನೂ ಉಪಯೋಗ ಇಲ್ಲ ಎನ್ನುವವರು ಆ ಗುಂಪಿನವರನ್ನೇ ಕೇಳಬೇಕು.

ಇದಕ್ಕೆ ವಿರುದ್ಧದ ಕತೆಯೂ ಇದೆ. ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಬಗ್ಗೆ ಸ್ವತಂತ್ರ ತಪಾಸಣಾಧಿಕಾರಿಯ ವರದಿ 2016ರಲ್ಲಿ ಹೊರಬಂತು. 2014ರ ನವೆಂಬರ್‌ನಿಂದ 2015ರ ಜೂನ್‌ವರೆಗೆ ಅಲ್ಲಿನ ನಾಯಿಗಳು ಹೆರಾಯಿನ್, ಕೊಕೇನ್ ದರ್ಜೆಯ ಡ್ರಗ್ಸ್ ಒಂದೂ ಹಿಡಿದಿರಲಿಲ್ಲ. ಮಾಂಸ, ಹಾಲಿನ ಪದಾರ್ಥ ಹಿಡಿಯಲು ಕಲಿಸಿದ್ದ ನಾಯಿ ಮಾತ್ರ ಚೆನ್ನಾಗಿ ಕೆಲಸ ಮಾಡಿತ್ತು. ಪ್ರವಾಸ ಮುಗಿಸಿ ಬಂದವರ ಬ್ಯಾಗಿನಿಂದ ಚೀಸ್, ಸಾಸೇಜುಗಳನ್ನು ಹುಡುಕಿ ಹುಡುಕಿ ಕೊಟ್ಟಿತ್ತು. ನಾಯಿಗಳಿಗೆ ಕಟ್ಟಿದ ಹೊಸ ಗೂಡುಗಳಿಗೆ ಆದ ಖರ್ಚು 12.5 ಲಕ್ಷ ಪೌಂಡ್.

ನಾಯಿ ಇದೆ ಎಂದರೆ ಜನ ಹೆದರಿ ಡ್ರಗ್ಸ್ ತರುವುದಿಲ್ಲ, ಅದು ಲಾಭ ಅಲ್ಲವಾ?

ಕೆಲವರು ತರುವುದಿಲ್ಲ, ನಿಜ. ಆದರೆ ಸಂಗೀತ ಉತ್ಸವಗಳಲ್ಲಿ ಇನ್ನೊಂದು ಪರಿಣಾಮ ಕಂಡಿದೆ. ದೂರದಿಂದ ನಾಯಿ ಕಂಡ ತಕ್ಷಣ ಗಾಬರಿಯಾಗಿ ಕೈಯಲ್ಲಿದ್ದದ್ದನ್ನೆಲ್ಲ ಒಮ್ಮೆಲೇ ನುಂಗುವುದು. ಇಲ್ಲವೇ ಒಳಗೆ ಹೋಗುವ ಮೊದಲೇ ಎಲ್ಲ ತೆಗೆದುಕೊಂಡು ಬರುವುದು. ಎರಡೂ ಜೀವಕ್ಕೆ ಅಪಾಯ. ನ್ಯೂ ಸೌತ್ ವೇಲ್ಸ್‌ನಲ್ಲಿ ಉತ್ಸವಗಳಲ್ಲಿ ಸತ್ತ ಆರು ಯುವಜನರ ಸಾವಿನ ವಿಚಾರಣೆ ನಡೆಸಿದ ಕರೋನರ್ (ಅಸಹಜ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ) ಹ್ಯಾರಿಯೆಟ್ ಗ್ರೇಹ್ಯಾಮ್ 2019ರ ನವೆಂಬರ್‌ನಲ್ಲಿ ಕೊಟ್ಟ ಶಿಫಾರಸುಗಳಲ್ಲಿ, ಉತ್ಸವಗಳಲ್ಲಿ ಪತ್ತೆ ನಾಯಿಗಳನ್ನು ಬಳಸುವುದನ್ನು ಬಿಡಿ ಎನ್ನುವುದೂ ಒಂದು. ಸರ್ಕಾರ ಅದನ್ನು ಒಪ್ಪಲಿಲ್ಲ. ನನ್ನ ಮತ ಕರೋನರ್ ಕಡೆಗೆ. ಒಂದು ಗ್ರಾಂ ಹಿಡಿಯಲು ಹೋಗಿ ಒಂದು ಜೀವ ಕಳೆಯುವ ಲೆಕ್ಕ ಯಾರಿಗೂ ಬೇಡ.

ಕೋರ್ಟುಗಳು ಏನು ಹೇಳುತ್ತವೆ?

ದೇಶಕ್ಕೊಂದು ರೀತಿ. ಅಮೆರಿಕದ ಸುಪ್ರೀಂ ಕೋರ್ಟ್ 1983ರಲ್ಲೇ, ವಿಮಾನ ನಿಲ್ದಾಣದಲ್ಲಿ ಬ್ಯಾಗನ್ನು ನಾಯಿಯಿಂದ ಮೂಸಿಸುವುದು ಕಾನೂನಿನ ಅರ್ಥದಲ್ಲಿ ಶೋಧನೆ (ಪೊಲೀಸರು ಸಕಾರಣ ಇದ್ದರೆ ಮಾತ್ರ ಮಾಡಬಹುದಾದ ತಪಾಸಣೆ) ಆಗುವುದಿಲ್ಲ ಎಂದಿತು. 2005ರಲ್ಲಿ ರಸ್ತೆಯಲ್ಲಿ ನಿಲ್ಲಿಸಿದ ಕಾರಿಗೂ ಅದೇ ಮಾತು. ಆಗ ನ್ಯಾಯಮೂರ್ತಿ ಸೌಟರ್ ಒಪ್ಪಲಿಲ್ಲ. ತಪ್ಪೇ ಮಾಡದ ನಾಯಿ ಕಾನೂನಿನ ಕಲ್ಪನೆಯಲ್ಲಿ ಮಾತ್ರ ಇದೆ ಎಂಬ ಅರ್ಥದಲ್ಲಿ ಬರೆದರು. 2013ರಲ್ಲಿ ಮನೆಯ ವಿಷಯ ಬಂತು. ಫ್ರ್ಯಾಂಕಿ ಎಂಬ ನಾಯಿಯನ್ನು ಬಾಗಿಲವರೆಗೆ ಕರೆತಂದು ಮೂಸಿಸಿದ್ದು ಶೋಧನೆಯೇ ಎಂದು ಐದು ನಾಲ್ಕರ ಬಹುಮತದಲ್ಲಿ ತೀರ್ಪಾಯಿತು. 2015ರಲ್ಲಿ, ನಾಯಿ ಬರಲಿ ಎಂದು ಸಕಾರಣ ಇಲ್ಲದೆ ಕಾರನ್ನು ಹೆಚ್ಚು ಹೊತ್ತು ನಿಲ್ಲಿಸುವ ಹಾಗಿಲ್ಲ ಎಂದರು. ತಡ ಆಗಿದ್ದು ಏಳೆಂಟು ನಿಮಿಷ ಮಾತ್ರ.

ನಮ್ಮ ವಿಷಯಕ್ಕೆ ಹತ್ತಿರದ್ದು 2013ರ ಇನ್ನೊಂದು ಪ್ರಕರಣ, ಆಲ್ಡೊ ಎಂಬ ನಾಯಿಯದು. ಆಲ್ಡೊ ಒಂದು ಟ್ರಕ್ಕಿಗೆ ಸೂಚನೆ ಕೊಟ್ಟಿತು. ಹುಡುಕಿದಾಗ ಅದಕ್ಕೆ ಕಲಿಸಿದ್ದ ಯಾವ ಡ್ರಗ್ಸೂ ಸಿಗಲಿಲ್ಲ, ಮೆಥ್ (ಮೆಥಾಂಫೆಟಮಿನ್ ಎನ್ನುವ ಡ್ರಗ್ಸ್) ತಯಾರಿಸುವ ಕಚ್ಚಾವಸ್ತು ಸಿಕ್ಕಿತು. ಮುಂದೆ ಅದೇ ಟ್ರಕ್ಕಿಗೆ ಮತ್ತೆ ಕೂತಿತು. ಆಗ ಏನೂ ಸಿಗಲಿಲ್ಲ. ಬೀದಿಯ ದಾಖಲೆ ತೋರಿಸಿ ಎಂದು ಫ್ಲೋರಿಡಾದ ಕೋರ್ಟ್ ಕೇಳಿತ್ತು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಬೀದಿಯಲ್ಲಿ ಹಳೇ ವಾಸನೆ, ಸಿಗದೆ ಉಳಿದ ಮಾಲು ಎಲ್ಲ ಇರುತ್ತದೆ, ಆದ್ದರಿಂದ ನಿಯಂತ್ರಿತ ಪರೀಕ್ಷೆಯೇ ಒಳ್ಳೆಯ ಅಳತೆ, ಆರೋಪಿ ಬೇಕಾದರೆ ಅದನ್ನು ಪ್ರಶ್ನಿಸಬಹುದು ಎಂದಿತು. ತರ್ಕ ಪೂರ್ತಿ ತಪ್ಪಲ್ಲ. ಆದರೆ ಮೇಲಿನ 1,000 ಜನರ ಲೆಕ್ಕ ನೋಡಿದವರಿಗೆ ಪರೀಕ್ಷೆಯ ಅಂಕಿ ಒಂದೇ ಸಾಲದು ಎನ್ನುವುದು ಗೊತ್ತಿರುತ್ತದೆ.

ಕೆನಡಾ ಬೇರೆ ದಾರಿ ಹಿಡಿಯಿತು. ಒಂದು ಬಸ್ ನಿಲ್ದಾಣ ಮತ್ತು ಒಂದು ಶಾಲೆಯ ಪ್ರಕರಣಗಳಲ್ಲಿ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನಾಯಿಯಿಂದ ಮೂಸಿಸುವುದೂ ಶೋಧನೆಯೇ, ಸಕಾರಣದ ಅನುಮಾನ ಇದ್ದರೆ ಮಾತ್ರ ಮಾಡಬಹುದು ಎಂದಿತು.

ಗಾಂಜಾ ಕಾನೂನುಬದ್ಧವಾದ ಕಡೆ ಹಳೇ ನಾಯಿಗಳ ಗತಿ ಏನು?

ಹಲವು ನಾಯಿಗಳಿಗೆ ಬೇಗ ನಿವೃತ್ತಿ. ಕಲಿತ ವಾಸನೆಯನ್ನು ಮರೆಸುವುದು ಸುಲಭವಲ್ಲ. ನಾಯಿ ಕೂತದ್ದು ಗಾಂಜಾಕ್ಕಾ ಕೊಕೇನ್‌ಗಾ ಎಂದು ಬೇರೆ ಬೇರೆಯಾಗಿ ತೋರಿಸುವುದೂ ಇಲ್ಲ, ಎಲ್ಲದಕ್ಕೂ ಒಂದೇ ರೀತಿ ಕೂರುತ್ತದೆ. ಕೊಲೊರಾಡೊ ರಾಜ್ಯದ ಸುಪ್ರೀಂ ಕೋರ್ಟ್ 2019ರಲ್ಲಿ ಕೀಲೊ ಎಂಬ ನಾಯಿಯ ಪ್ರಕರಣದಲ್ಲಿ ಇದೇ ಕಾರಣ ಕೊಟ್ಟು, ಗಾಂಜಾ ಕಲಿತ ನಾಯಿಯಿಂದ ಮೂಸಿಸಲು ಮೊದಲೇ ಬಲವಾದ ಕಾರಣ ಇರಬೇಕು ಎಂದಿತು. ಹೊಸ ನಾಯಿಗಳಿಗೆ ಅಂಥ ಕಡೆ ಗಾಂಜಾ ಕಲಿಸುವುದನ್ನೇ ಬಿಡುತ್ತಿದ್ದಾರೆ.

ಯಂತ್ರ ಬಂದಿದೆಯಲ್ಲ, ನಾಯಿ ಯಾಕೆ ಬೇಕು?

ಬ್ಯಾಗಿನ ಮೇಲೆ ಬಟ್ಟೆ ಚೂರು ಒರೆಸಿ ಪರೀಕ್ಷಿಸುವ ಯಂತ್ರಗಳಿವೆ. ಯಾವ ವಸ್ತು ಎನ್ನುವುದನ್ನೂ ಹೇಳುತ್ತವೆ, ಸುಸ್ತಾಗುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಎಲ್ಲಿ ಒರೆಸಬೇಕು ಎಂದು ಮೊದಲು ಗೊತ್ತಿರಬೇಕು. ನಾಯಿ ಗಾಳಿಯಲ್ಲಿ ತೇಲಿ ಬಂದ ವಾಸನೆಯ ಎಳೆ ಹಿಡಿದು ಮೂಲಕ್ಕೇ ಹೋಗಿ ನಿಲ್ಲುತ್ತದೆ. ಈ ಕೆಲಸವನ್ನು ಅಷ್ಟು ಬೇಗ ಮಾಡುವ ಯಂತ್ರ ಇನ್ನೂ ಬಂದಿಲ್ಲ. ನಾಯಿ ಜಾಗ ತೋರಿಸಿ ಯಂತ್ರ ಖಚಿತ ಮಾಡಿದರೆ ಚೆನ್ನ.

ನಾಯಿಗೆ ಅಪಾಯ ಇಲ್ಲವಾ?

ಇದೆ. ಹಿಂದೆ ಪುಡಿ ಮೂಸಿದರೂ ದೊಡ್ಡ ಅಪಾಯ ಕಡಿಮೆ ಇತ್ತು. ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಬಲವಾದ ಫೆಂಟನಿಲ್ ಎನ್ನುವ ಡ್ರಗ್ಸ್ ಬಂದ ಮೇಲೆ ಸ್ವಲ್ಪವೇ ಒಳಗೆ ಹೋದರೂ ಉಸಿರು ನಿಲ್ಲಬಹುದು. ಅದಕ್ಕೇ ಕೆಲವು ದಳಗಳು ನಾಯಿಗೆ ಕೊಡಲು, ಅದರ ಪರಿಣಾಮ ತಡೆಯುವ ನಲೋಕ್ಸೋನ್ ಔಷಧಿಯನ್ನು ಜೊತೆಗೇ ಇಟ್ಟುಕೊಳ್ಳುತ್ತವೆ.

ಒಂದು ದಳ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಏನು ಕೇಳಬೇಕು?

ಪತ್ರಿಕೆಯವರು, ವಕೀಲರು, ಶಾಲೆಗೆ ನಾಯಿ ಕರೆಸಬೇಕಾ ಎಂದು ಯೋಚಿಸುವವರು ಇದನ್ನು ಕೇಳುತ್ತಾರೆ. ಪ್ರಮಾಣಪತ್ರ ತೋರಿಸಿ ಎನ್ನುವುದಕ್ಕಿಂತ ಡೈರಿ ತೋರಿಸಿ ಎನ್ನಿ. ಈ ನಾಯಿ ಕಳೆದ ವರ್ಷ ಎಷ್ಟು ಸಲ ಕೂತಿತು, ಎಷ್ಟು ಸಲ ಮಾಲು ಸಿಕ್ಕಿತು, ಸಿಗದಿದ್ದಾಗ ಏನು ಬರೆದರು? ಸಿಕ್ಕ ಮಾಲಿನ ತೂಕ ಮಾತ್ರ ಬರೆದಿಟ್ಟ ಡೈರಿ ಅರ್ಧ ಡೈರಿ. ಸಿಗದ ಸಲಗಳನ್ನೇ ಬರೆಯದಿದ್ದರೆ ಯಾವ ನಾಯಿಯೂ ಶೇ 100 ನಿಖರ.

ಆಮೇಲೆ ಪರೀಕ್ಷೆಯ ಬಗ್ಗೆ. ಮಾಲು ಎಲ್ಲಿದೆ ಎಂದು ಹ್ಯಾಂಡ್ಲರ್‌ಗೆ ಗೊತ್ತಿತ್ತಾ? ಪಕ್ಕದಲ್ಲಿ ನಿಂತ ಪರೀಕ್ಷಕರಿಗೆ ಗೊತ್ತಿತ್ತಾ? ಇಬ್ಬರಿಗೂ ಗೊತ್ತಿರಬಾರದು. ಪರೀಕ್ಷಕರ ಕಣ್ಣು ಒಂದು ಕಪಾಟಿನ ಮೇಲೆ ಒಂದು ಕ್ಷಣ ನಿಂತರೂ ಹ್ಯಾಂಡ್ಲರ್‌ಗೆ ಸುಳಿವು, ಹ್ಯಾಂಡ್ಲರ್‌ನಿಂದ ನಾಯಿಗೆ. ಕೆಲವು ಕೋಣೆಗಳು ಪೂರ್ತಿ ಖಾಲಿ ಇದ್ದವಾ? ಇದ್ದವು, ಅಲ್ಲಿ ನಾಯಿ ಕೂರದೆ ಹೊರಗೆ ಬಂತು ಎಂದು ದಾಖಲೆ ತೋರಿಸಿದರೆ ಆ ದಳವನ್ನು ನಾನು ನಂಬುತ್ತೇನೆ.

ನನ್ನ ಪಕ್ಕ ನಾಯಿ ಕೂತರೆ ಏನು ಮಾಡಲಿ?

ಓಡಬೇಡಿ, ನಾಯಿಯನ್ನು ತಳ್ಳಬೇಡಿ, ಮುದ್ದು ಮಾಡಲೂ ಹೋಗಬೇಡಿ. ಯಾವ ಕಾರಣಕ್ಕೆ, ಯಾವ ಕಾನೂನಿನ ಕೆಳಗೆ ಹುಡುಕುತ್ತಿದ್ದೀರಿ ಎಂದು ಸಮಾಧಾನವಾಗಿ ಕೇಳಿ. ನಾಯಿ ಕೂತದ್ದು ಅನುಮಾನಕ್ಕೆ ಕಾರಣ ಇರಬಹುದು, ಅಪರಾಧಕ್ಕೆ ಪುರಾವೆ ಅಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆ ಇದ್ದರೆ ಹೇಳಿ, ಚೀಟಿ ತೋರಿಸಿ. ಒಪ್ಪಿಗೆ ಕೇಳಿದರೆ, ಒಪ್ಪದಿರುವ ಹಕ್ಕು ಇದೆಯಾ ಎನ್ನುವುದು ನೀವಿರುವ ದೇಶದ ಕಾನೂನಿನ ಮೇಲೆ ನಿಂತಿದೆ. ಪ್ರಯಾಣಕ್ಕೆ ಮೊದಲೇ ಅದನ್ನು ತಿಳಿದುಕೊಂಡಿದ್ದರೆ ಒಳ್ಳೆಯದು. ಏನೂ ಸಿಗದೆ ಬಿಟ್ಟು ಕಳಿಸಿದರೆ, ಹುಡುಕಿದ್ದಕ್ಕೆ ಏನಾದರೂ ದಾಖಲೆ ಕೊಡುತ್ತೀರಾ ಎಂದು ಕೇಳಿ. ನಿಮ್ಮಿಂದ ಹಾಗಾದರೂ ಆ ಡೈರಿಯಲ್ಲಿ ಒಂದು ಸಾಲು ಜಾಸ್ತಿ ಸೇರಲಿ.